ನೀಲಿ ಮೇಕೆಯ ನಿಜವಾದ ದನಿ

ಜಪಾನಿನ ಬಂದರು ಊರು ಕೋಬೆ. ಅಲ್ಲಿ ಚಿಜುರುವಿನ ಕಾಫಿ ಅಂಗಡಿಯಲ್ಲಿ ರೆಕಾರ್ಡ್ ತಿರುಗುವಾಗ ಯಾರೂ ಮಾತಾಡುವಂತಿಲ್ಲ. ಚಮಚ ಸದ್ದು ಮಾಡಿದರೂ ಅವಳ ಹುಬ್ಬು ಗಂಟಾಗುತ್ತಿತ್ತು. ಅಂಥಲ್ಲಿ, ಅವಳ ಪ್ರಾಣದಂತಿದ್ದ 'ನೀಲಿ ಮೇಕೆ' ಎಂಬ ರೆಕಾರ್ಡ್ ತಿರುಗುತ್ತಿರುವಾಗಲೇ, ಮೂಲೆಯಲ್ಲಿದ್ದ ಒಗಾತಾ ಫಕ್ಕನೆ ನಕ್ಕುಬಿಟ್ಟ.

ಅವನು ಶಾಲೆಯಲ್ಲಿ ಬ್ಯಾಂಡ್ ಕಲಿಸುವ ಮೇಷ್ಟರು. ಚಳಿಗಾಲದಿಂದ ಪ್ರತಿ ಶನಿವಾರ ಬರುತ್ತಿದ್ದ. ಸೂಜಿ ಇಳಿಸಲು ಅವಳು ಬಾಗುವಾಗ ಅವನ ಕಣ್ಣು ರೆಕಾರ್ಡಿನ ಮೇಲೆ ಇರುತ್ತಿರಲಿಲ್ಲ. ಅದು ಗೊತ್ತಿದ್ದೇ ಅವಳು ಶನಿವಾರಗಳಂದು ತುಸು ನಿಧಾನವಾಗಿ ಬಾಗುತ್ತಿದ್ದಳು.

ಈಗ ಆ ಮೋಹವೆಲ್ಲ ಒಂದೇ ಏಟಿಗೆ ಇಳಿಯಿತು. ಅವಳು ಹೋಗಿ, ಇನ್ನೂ ಅರ್ಧ ಕಾಫಿ ಉಳಿದಿದ್ದ ಅವನ ಕಪ್ಪನ್ನು ಎತ್ತಿಕೊಂಡಳು. ಎದ್ದು ಹೋಗಿ ಅನ್ನಲು ಕೋಬೆಯಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅವನು ತಲೆಬಾಗಿ ಹೊರಟುಹೋದ.

ಚಿಜುರುವಿಗೆ ಜಂಬ ಇತ್ತು, ಇರಬೇಕಾದ್ದೇ. ಪ್ರೋಗ್ರೆಸಿವ್ ರಾಕ್ ಸಂಗೀತ ಅಂದರೆ ಮಿಕ್ಕವರಿಗೆ ಇಂಗ್ಲೆಂಡಿನ ನಾಲ್ಕು ತಂಡಗಳು. ಅವಳಿಗೆ ಪೆರು, ಟರ್ಕಿ, ಹಂಗೇರಿ, ಇಂಡೋನೇಷ್ಯಾ. ತಮ್ಮ ಊರಿನವರೇ ಮರೆತ ತಂಡಗಳನ್ನು ಅವಳು ಬಂದರಿಗೆ ಬರುವ ಹಡಗಿನವರ ಕೈಯಲ್ಲಿ ತರಿಸುತ್ತಿದ್ದಳು. ಜಾರ್ಜಿಯಾ ದೇಶದ ಬೆಟ್ಟದ ಕಡೆಯಿಂದ ಬಂದದ್ದು ನೀಲಿ ಮೇಕೆ. ತಂಡದ ಹೆಸರು ಓದಲು ಯಾರಿಗೂ ಬಾರದೆ, ಕವರಿನ ಚಿತ್ರವೇ ಹೆಸರಾಗಿತ್ತು. ಅದರಲ್ಲಿ ಹಾಡುವ ಗಂಡಸಿನ ಆಳವಾದ, ನಿಧಾನದ ದನಿಗೆ ಅವಳು ಮನಸೋತಿದ್ದಳು. ಚಿಕ್ಕಮ್ಮ ತಂದ ಸಂಬಂಧಗಳನ್ನೆಲ್ಲ ಆ ದನಿಯ ಪಕ್ಕದಲ್ಲಿಟ್ಟು ತೂಗಿ ಬೇಡವೆಂದಿದ್ದಳು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಒಗಾತಾ ಕೊಳಲಿನ ಪೆಟ್ಟಿಗೆ ಹಿಡಿದು ನಿಂತಿದ್ದ.

"ಚಿಜುರು ಅವರೇ, ನಕ್ಕಿದ್ದು ನನ್ನ ತಪ್ಪು. ಯಾಕೆ ನಕ್ಕೆ ಅಂತ ತೋರಿಸಿ ಹೋಗ್ತೀನಿ, ಅಷ್ಟೇ."

ಅವನು ಕೊಳಲಿನ ಅತಿ ಕೆಳಗಿನ ಸ್ವರ ಊದಿದ. ಇದರ ಕೆಳಗೆ ಈ ಕೊಳಲಿಗೆ ಸ್ವರವೇ ಇಲ್ಲ, ಆದರೆ ನೀಲಿ ಮೇಕೆಯ ಕೊಳಲು ಇನ್ನೂ ಕೆಳಗಿಳಿಯುತ್ತದೆ ಎಂದ. ಅದು ಬೆಟ್ಟದವರ ಬೇರೆ ಜಾತಿಯ ಕೊಳಲೆಂದು ಅವಳು ವಾದಿಸಿದಳು, ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದಳು. ಅವನು ಎದುರಾಡಲಿಲ್ಲ. ರೆಕಾರ್ಡಿನ ವೇಗದ ಗುಂಡಿಯನ್ನು ನಿಮಿಷಕ್ಕೆ ಮೂವತ್ತಮೂರು ಸುತ್ತಿನಿಂದ ನಲವತ್ತೈದಕ್ಕೆ ತಿರುಗಿಸಿ ಒಮ್ಮೆ ಕೇಳಿ ಎಂದಷ್ಟೇ ಬೇಡಿಕೊಂಡ.

ಅವನ ಬಾಯಿ ಮುಚ್ಚಿಸಲೆಂದೇ ಅವಳು ತಿರುಗಿಸಿದಳು. ಗಿಟಾರ್ ಚಂಗನೆ ಎದ್ದಿತು, ಡ್ರಮ್ಮು ಓಡಿತು, ಕೊಳಲು ಕೊಳಲಿನ ಹಾಗೇ ಕೇಳಿಸಿತು. ಆಮೇಲೆ ಹಾಡು ಶುರುವಾಯಿತು. ಹಾಡುತ್ತಿದ್ದವಳು ಹೆಂಗಸು.

ಚಿಜುರು ತಟ್ಟನೆ ಸೂಜಿ ಎತ್ತಿಬಿಟ್ಟಳು. ನಾಚಿಕೆಗೆ ಕಿವಿ ಸುಟ್ಟುಹೋಯಿತು.

"ಯಾರಿಗೂ ಹೇಳೋದಿಲ್ಲ," ಅಂದ ಒಗಾತಾ ಮೆಲ್ಲಗೆ. "ನಿಮ್ಮಾಣೆ."

ಆ ಕರುಣೆಯೇ ಅವಳನ್ನು ಚುಚ್ಚಿತು. ಒಬ್ಬರ ದಯೆಯ ಮೇಲೆ ಉಳಿಯುವ ಮರ್ಯಾದೆ ಅವಳಿಗೆ ಬೇಕಿರಲಿಲ್ಲ. ಅವತ್ತು ಮಧ್ಯಾಹ್ನವೇ ಅಂಗಡಿಯ ವಾರ್ಷಿಕೋತ್ಸವ; ನೀಲಿ ಮೇಕೆ ಕೇಳಲೆಂದೇ ಒಸಾಕಾ, ನಗೋಯಾದಿಂದ ಜನ ಬರುವವರಿದ್ದರು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಹೇಳಿದರೆ, ಲೋಕದ ಮೂಲೆ ಮೂಲೆ ಹುಡುಕಿದ ಕಿವಿ ಇದೇನಾ ಎಂದು ನಗೆಪಾಟಲು.

ಮಧ್ಯಾಹ್ನ ಅಂಗಡಿ ಕಿಕ್ಕಿರಿದಿತ್ತು. ಅವಳು ಕವರನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತಳು.

"ಇಷ್ಟು ವರ್ಷ ನಿಮಗೆ ಇದನ್ನ ತಪ್ಪು ವೇಗದಲ್ಲಿ ಕೇಳಿಸಿದೀನಿ. ಕಂಡುಹಿಡಿದದ್ದು ನಾನಲ್ಲ, ಮೂಲೆಯಲ್ಲಿ ಕೂತಿರೋ ಒಗಾತಾ ಅವರು. ಈ ಹೆಣ್ಣುಮಗಳು ನಿಜವಾಗಿ ಹೇಗೆ ಹಾಡಿದಳೋ, ಇವತ್ತು ಕೇಳಿ."

ತಲೆ ಬಾಗಿಸಿದಳು, ಆದರೆ ತಪ್ಪಿತಸ್ಥಳ ಹಾಗಲ್ಲ, ಅತಿಥಿಯನ್ನು ಪರಿಚಯಿಸುವವಳ ಹಾಗೆ. ಆಮೇಲೆ ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿ, ರೆಕಾರ್ಡಿನ ಒಂದು ಇಡೀ ಮಗ್ಗುಲು ಕೇಳಿಸಿದಳು. ಕೊನೆಗೆ ಹಳೇ ಗಿರಾಕಿ ಕುಜೆ ಅಜ್ಜ ಕಣ್ಣೊರೆಸಿಕೊಂಡು, ತನಗೆ ಹಳೆಯ ಗಂಡಸು ದನಿಯೇ ಇಷ್ಟ ಎಂದು ಗೊಣಗಿದ. ಚಿಜುರು ಸೆಟೆದು ಹೇಳಿದಳು:

"ಆ ಗಂಡಸು ನಮ್ಮ ಕೋಬೆಯವನು ಅಜ್ಜ, ಈ ಅಂಗಡಿಯಲ್ಲೇ ಹುಟ್ಟಿದವನು. ಬೇರೆ ಎಲ್ಲೂ ಸಿಗಲ್ಲ."

ಅಂಗಡಿ ತುಂಬ ಚಪ್ಪಾಳೆ. ಒಗಾತಾ ಮಾತ್ರ ಚಪ್ಪಾಳೆ ಮರೆತು ಅವಳನ್ನೇ ನೋಡುತ್ತಿದ್ದ, ತನ್ನವಳೇ ಗೆದ್ದಳೆಂಬ ಹೆಮ್ಮೆಯಲ್ಲಿ.

ಮಿಕ್ಕವರೆಲ್ಲ ಹೋದ ಮೇಲೆ ಅವಳು ಕಪ್ಪು ತೊಳೆಯುತ್ತ ಒಗಾತಾನನ್ನು ಕೇಳಿದಳು. "ಬಾಯಿ ಮುಚ್ಕೊಂಡಿದ್ರೆ ನಿಮ್ಮ ಕಾಫಿನಾದ್ರೂ ಉಳೀತಿತ್ತು. ಯಾಕೆ ಹೇಳಿದ್ರಿ?"

"ಜೀವನಪೂರ್ತಿ ನಿಮ್ಮ ಪಕ್ಕ ಕೂತು, ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೇಳೋಕೆ ನನ್ನ ಕೈಲಾಗ್ತಿರಲಿಲ್ಲ."

ಅವಳ ಕೈಯಲ್ಲಿ ಕಪ್ಪು ನಿಂತಿತು.

"ಜೀವನಪೂರ್ತಿ ಅಂದ್ರಾ?"

ಅವನ ಮುಖ ಕತ್ತಿನವರೆಗೂ ಕೆಂಪೇರಿತು. ಆದರೂ ಮಾತು ಹಿಂದೆ ತಗೊಳ್ಳಲಿಲ್ಲ. "ಅಂದೆ."

ಚಿಜುರು ಹೆಗಲ ಮೇಲಿದ್ದ ಟವೆಲ್ ತೆಗೆದು ಅವನ ಕೈಗಿತ್ತಳು.

"ಹಾಗಾದ್ರೆ ಕೌಂಟರ್ ಒಳಗೆ ಬನ್ನಿ. ನಾನು ತೊಳೀತೀನಿ, ನೀವು ಒರೆಸಿ."