ಕಬ್ಬಿಣದ ಟೋಪಿ ಮತ್ತು ಸುಟ್ಟ ದೋಣಿಮನೆ

ದೋಣಿಮನೆಯಲ್ಲಿ ಉಳಿದದ್ದು ಮೂರು ಗೋಡೆ, ಅರ್ಧ ಚಾವಣಿ. ಒಳಗಿದ್ದ ದೋಣಿ ಮೂತಿಯಿಂದ ನಡುವಿನವರೆಗೆ ಇದ್ದಿಲಾಗಿತ್ತು. ಭಾನುವಾರ ಬೆಳಿಗ್ಗೆ ಪೊಲೀಸ್ ಅಧಿಕಾರಿ ಹಲ್ದಿಸ್ ಬಂದು ನಿಂತಾಗ ಬೂದಿಯ ಬಿಸಿ ಇನ್ನೂ ಆರಿರಲಿಲ್ಲ. ಸಮುದ್ರದ ಗಾಳಿಗೆ ಎದ್ದ ಬೂದಿ ನೇರವಾಗಿ ಅವಳ ಕಾಫಿಗೇ ಬಂದು ಬಿತ್ತು. ಅವಳು ಹಾಗೆಯೇ ಕುಡಿದಳು. ವಾರವಿಡೀ ನಿದ್ದೆಗೆಟ್ಟವಳಿಗೆ ಬೂದಿಯಾದರೇನು, ಸಕ್ಕರೆಯಾದರೇನು?

"ಯಾರು ಮಾಡಿದ್ದು ಅಂತ ಬೀದಿಗೆಲ್ಲ ಗೊತ್ತು," ಎಂದಳು ಸಿಗ್ರುನ್. ಆ ಬೀದಿಯ ಸಂಘಕ್ಕೆ ಅವಳೇ ಅಧ್ಯಕ್ಷೆ.

"ಹೇಳಿ."

"ಓದ್ವಾರ್. ಈ ಪಕ್ಕದ ಮನೆಯೋನು. ಇನ್ಯಾರು?"

"ಬೆಂಕಿ ಇಡೋದನ್ನ ನೋಡಿದ್ರಾ?"

"ಅದನ್ನ ನೋಡಿಲ್ಲ. ಮಧ್ಯಾಹ್ನ ಕಳ್ಳಬೆಕ್ಕಿನ ಹಾಗೆ ಒಳಗೆ ನುಗ್ಗೋದನ್ನ ನೋಡಿದೆ. ಆಚೆ ಈಚೆ ನೋಡ್ಕೊಂಡು ಹೋದ. ಕೈಯಲ್ಲಿ ಏನೋ ಇತ್ತು. ಸಂಜೆ ಹೊಗೆ ಬಂತು. ಇನ್ನೇನು ಬೇಕು ನಿಮಗೆ?"

"ಈ ದೋಣಿಮನೆ ಕೆಡವಿಸಬೇಕು ಅಂತ ಪುರಸಭೆಗೆ ದೂರು ಕೊಟ್ಟಿದ್ದು ನೀವೇ ಅಲ್ವಾ?"

ಸಿಗ್ರುನ್ ಮುಖ ಕೆಂಪಾಯಿತು. "ನನ್ನ ಕಿಟಕಿಗೆ ಸಮುದ್ರ ಕಾಣದ ಹಾಗೆ ಅಡ್ಡ ಆಗುತ್ತೆ ಅಂತ ದೂರು ಕೊಟ್ಟೆ. ಸುಡ್ತೀನಿ ಅಂದೆನಾ? ಓದ್ವಾರ್ ಅಂದಿದ್ದ! ಚಳಿಗಾಲದಲ್ಲಿ, ಎಲ್ಲರ ಮುಂದೆ— ಆ ಸುತ್ತಿಗೆ ಸದ್ದು ಇನ್ನೊಂದು ಸಲ ಕೇಳಿದ್ರೆ ದೋಣಿಮನೆಗೇ ಬೆಂಕಿ ಇಡ್ತೀನಿ ಅಂತ."

ಶನಿವಾರ ಬೀದಿಯಲ್ಲಿ ದುಗ್ನಾದ್ ಇತ್ತು. ವಸಂತದಲ್ಲೊಂದು ದಿನ ಪ್ರತಿ ಮನೆಯವರೂ ಪೊರಕೆ, ಕುಂಟೆ ಹಿಡಿದು ಹೊರಬಂದು ಬೀದಿ ಗುಡಿಸಬೇಕು, ಬೇಲಿಗೆ ಬಣ್ಣ ಬಳಿಯಬೇಕು, ಕೊನೆಗೆ ನಿಂತುಕೊಂಡೇ ಸಾಸೇಜು ತಿನ್ನಬೇಕು. ಬರದವನು ಒಂದೋ ಹಾಸಿಗೆ ಹಿಡಿದಿರಬೇಕು, ಇಲ್ಲವೇ ಗಡಿಯಾಚೆಯ ಸ್ವೀಡನ್ನಿನವನಾಗಿರಬೇಕು. ಬೀದಿಯೆಲ್ಲ ಹೊರಗಿದ್ದ ದಿನವೇ ಬೆಂಕಿ ಬಿದ್ದಿತ್ತು, ಅಪರಿಚಿತ ಮುಖವನ್ನು ಯಾರೂ ಕಂಡಿರಲಿಲ್ಲ. ವಿದ್ಯುತ್ತಿನಿಂದ ಹತ್ತಿದ ಬೆಂಕಿಯಲ್ಲ, ಪೆಟ್ರೋಲಿನ ವಾಸನೆಯೂ ಇಲ್ಲ ಎಂದು ಅಗ್ನಿಶಾಮಕದವರು ಹೇಳಿ ಹೋಗಿದ್ದರು. ಬಾಗಿಲಿಗೆ ಬೀಗ ಹಾಕುವ ರೂಢಿ ಆ ಬೀದಿಯಲ್ಲಿ ಇರಲೇ ಇಲ್ಲ.

ದೋಣಿಮನೆಯ ಯಜಮಾನ ತೊರ್ಮೂದ್ ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತಿದ್ದ. ಬಸ್ಸು ಓಡಿಸಿ ನಿವೃತ್ತನಾದ ಮುದುಕ. ಶಾಲೆಗೆ ಹೋಗುವಾಗ ಹಲ್ದಿಸ್ ಅವನ ಬಸ್ಸಿನಲ್ಲೇ ಕೂತು ಹೋದವಳು.

"ಕೊಂಬು ಎಲ್ಲಿ ಅಂತ ಮಾತ್ರ ಕೇಳ್ಬೇಡಮ್ಮ," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ. "ಟೋಪಿ ಅಂದ ತಕ್ಷಣ ಎಲ್ಲರೂ ಅದನ್ನೇ ಕೇಳ್ತಾರೆ. ವೈಕಿಂಗರ ಟೋಪಿಗೆ ಕೊಂಬಿರಲಿಲ್ಲ. ಕೊಂಬು ಬಂದಿರೋದು ಅವನಿಗೆ." ಓದ್ವಾರನ ಮನೆಯ ಕಡೆ ಗಲ್ಲ ಎತ್ತಿ ತೋರಿಸಿದ.

ಜಗಳದ ಮೂಲ ಆ ಟೋಪಿಯೇ. ಹೆಂಡತಿ ತೀರಿಕೊಂಡ ಮೇಲೆ ಮನೆಯ ಮೌನ ತಡೆಯಲಾರದೆ ತೊರ್ಮೂದ್ ಹಳೆಯ ಕಡಲಯೋಧರ ವೇಷ ತೊಟ್ಟು ನಡೆಸುವ ಬೇಸಿಗೆಯ ವೈಕಿಂಗ್ ಸಂತೆಗೆ ಹೋಗಿದ್ದ. ಅಲ್ಲಿಂದ ಬಂದವನೇ ತಾನೂ ಒಂದು ಶಿರಸ್ತ್ರಾಣ ಮಾಡುತ್ತೇನೆಂದು ಹಟ ಹಿಡಿದ. ಕುಲುಮೆಯಿಲ್ಲ, ಯಂತ್ರವಿಲ್ಲ. ತಗಡು ಕತ್ತರಿ, ಎರಡು ಸುತ್ತಿಗೆ, ಕೈಯಲ್ಲಿ ತಿರುವುವ ಡ್ರಿಲ್ಲು. ಬರ್ಚ್ ಮರದ ಕೊರಡಿನಲ್ಲಿ ಬೋಗುಣಿಯಂಥದೊಂದು ಗುಳಿ. ಮೊದಲು ತನ್ನ ತಲೆಯ ಅಳತೆಗೆ ರಟ್ಟಿನ ಟೋಪಿ ಮಾಡಿದ. ಅದನ್ನು ಬಿಚ್ಚಿ ತಗಡಿನ ಮೇಲಿಟ್ಟು ಗೆರೆ ಎಳೆದ. ಕತ್ತರಿಸಿದ ನಾಲ್ಕು ಹೋಳುಗಳನ್ನು ಗುಳಿಯ ಮೇಲಿಟ್ಟು ಬಡಿದು ಬಡಿದು ಉಬ್ಬಿಸಿದ. ಹಣೆಯ ಸುತ್ತ ಒಂದು ಪಟ್ಟಿ, ನೆತ್ತಿಯ ಮೇಲೆ ಅಡ್ಡಡ್ಡ ಎರಡು, ಕಣ್ಣಿಗೆ ಕನ್ನಡಕದಂಥ ಕಬ್ಬಿಣ. ಮೊಳೆಗಳನ್ನೇ ತುಂಡರಿಸಿ, ತುದಿ ಬಡಿದು, ಎಲ್ಲವನ್ನೂ ಬಿಗಿದ. ಎರಡು ಸಲ ಹೋಳು ಸೀಳಿತು, ಎರಡು ಸಲ ಮೊದಲಿಂದ ಶುರುಮಾಡಿದ. ಚಳಿಗಾಲ ಪೂರ್ತಿ ಟಣ್, ಟಣ್, ಟಣ್. ಪಕ್ಕದ ಮನೆಯ ಓದ್ವಾರ್ ಹಡಗಿನ ಎಂಜಿನ್ ಸದ್ದಿನಲ್ಲಿ ಆಯುಷ್ಯ ಕಳೆದು, ಇನ್ನಾದರೂ ಊಟದ ನಂತರ ಒಂದು ನಿದ್ದೆ ತೆಗೆಯೋಣ ಎಂದು ಮನೆ ಸೇರಿದ್ದವನು. ಮಾತಿಗೆ ಮಾತು ಬೆಳೆಯಿತು, ಆಮೇಲೆ ಮಾತೇ ನಿಂತಿತು.

"ನಿನ್ನೆ ಏನೇನು ಮಾಡಿದ್ರಿ?" ಹಲ್ದಿಸ್ ಕೇಳಿದಳು.

"ಕೆಲವು ದಿನದಿಂದ ಟೋಪಿಗೆ ಎಣ್ಣೆ ಬಳೀತಿದ್ದೆ, ಬೆಳಿಗ್ಗೆ ಕೊನೇ ಕೈ. ಅಂಗಳದಲ್ಲಿ ಗ್ಯಾಸ್ ಒಲೆ ಇಟ್ಟು ಬಿಸಿ ಮಾಡಿ ಅಗಸೆ ಎಣ್ಣೆ ಹಚ್ಚಿದೆ. ತುಕ್ಕು ಹಿಡೀಬಾರದಲ್ಲ. ಕಪ್ಪಗೆ ಮಿರಮಿರ ಅಂತಿತ್ತು."

"ಒಲೆ?"

"ಆರಿಸಿ, ಸಿಲಿಂಡರ್ ಬಿಚ್ಚಿ ಮನೆ ಒಳಗಿಟ್ಟೆ. ಎಣ್ಣೆ ಹಚ್ಚಿದ ಚಿಂದಿನೆಲ್ಲ ಬೇಲಿಗೆ ಹಾಕಿ, ಟೋಪಿನ ಮೇಜಿನ ಮೇಲಿಟ್ಟು ಪೇಟೆ ಬಸ್ ಹತ್ತಿದೆ. ಒಳಗೆಲ್ಲ ಮೊಳೆ ತುದಿ ಚುಚ್ಚುತ್ತೆ, ಚರ್ಮದ ಅಸ್ತರಿ ಕೊಡ್ಬೇಕಿತ್ತು. ಚರ್ಮ ತರೋಕೆ ಹೋದೆ."

"ದುಗ್ನಾದ್ ಬಿಟ್ಟು?"

"ಅವನ ಪಕ್ಕ ನಿಂತು ಸಾಸೇಜು ತಿನ್ನೋದಕ್ಕಾ? ಬೇಡಮ್ಮ."

ಆಮೇಲೆ ತೊರ್ಮೂದ್ ಬೂದಿಯನ್ನೇ ನೋಡುತ್ತ ಕೇಳಿದ: "ಅವನನ್ನ ಜೈಲಿಗೆ ಹಾಕ್ತೀಯಾ?"

"ಅವರೇ ಬೇಕು ಅಂತ ಮಾಡಿದ್ದಾದ್ರೆ, ಹೌದು. ಪಕ್ಕದಲ್ಲೇ ಮನೆಗಳಿವೆ. ಸಣ್ಣ ಅಪರಾಧ ಅಲ್ಲ ಇದು."

"ಆ ದೋಣಿ ನಾನೂ ಅವನೂ ಸೇರಿ ಕಟ್ಟಿದ್ದು," ಎಂದ ತೊರ್ಮೂದ್. ಮುಖ ಆ ಕಡೆ ತಿರುಗಿಸಿದ.

ಹಲ್ದಿಸ್ ಒಳಗೆ ಹೋದಳು. ಕೆಲಸದ ಮೇಜು ಒಂದು ಕಡೆಗೆ ಕುಸಿದಿತ್ತು. ಬೂದಿಯಲ್ಲಿ ಶಿರಸ್ತ್ರಾಣ ಬಿದ್ದಿತ್ತು— ದೋಣಿ ಸುಟ್ಟರೂ ಅದು ಉಳಿದಿತ್ತು. ಎತ್ತಿ ನೋಡಿದಳು. ಎಡಗಡೆ ಎಣ್ಣೆಯ ಕಪ್ಪು ಇನ್ನೂ ಹಾಗೇ ಇದೆ. ಬಲಗಡೆಯ ಅಂಚಿನಲ್ಲಿ ಬಣ್ಣವೆಲ್ಲ ಹಾರಿ, ಬೂದುಬಣ್ಣದ ಹಕ್ಕಳೆ ಏಳುತ್ತಿದೆ. ಮೇಜಿನ ಬಲಗಾಲು ಪೂರ್ತಿ ಇಲ್ಲ; ಅದರ ಕೆಳಗಿನ ಹಲಗೆ ತೂತಾಗಿ ನೆಲ ಕಾಣುತ್ತಿದೆ. ಅತ್ಯಂತ ಹೆಚ್ಚು ಬೆಂದದ್ದು ಆ ಮೂಲೆ. ಬಾಗಿಲಿನಿಂದ ದೂರ, ಡಾಂಬರು ಬಳಿದ ದೋಣಿಯಿಂದಲೂ ದೂರ. ಬೆಂಕಿ ಇಡಲು ಬಂದವನು ಕಡ್ಡಿ ಗೀರಿದರೆ ಭಗ್ಗನೆ ಹತ್ತುವ ದೋಣಿಯನ್ನು ಬಿಟ್ಟು, ಮೇಜಿನ ಅಡಿಗೆ ಏಕೆ ತೂರುತ್ತಾನೆ?

ಅವಳಿಗೆ ಯೋಚಿಸುವ ಶಕ್ತಿಯೂ ಇರಲಿಲ್ಲ. ಯೋಚಿಸದೆ ಬೇರೆ ದಾರಿಯೂ ಇರಲಿಲ್ಲ.

ಓದ್ವಾರನ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬೆಂಕಿಕಡ್ಡಿಯ ಚಿತ್ರ ಬರೆದಿದ್ದರು. ಅವನು ಅದನ್ನು ಒರೆಸಿಯೂ ಇರಲಿಲ್ಲ. ಅಡುಗೆಮನೆಯಲ್ಲಿ ಅವಳಿಗೆ ಕಾಫಿ ಬಗ್ಗಿಸಿ ಎದುರು ಕೂತ. ಹಣೆಯ ಮೇಲೆ, ಕೂದಲಿನ ಕೆಳಗೆ, ಎರಡು ಹೊಸ ಗೀರು.

"ಇದೇನು?"

"ಗುಲಾಬಿ ಮುಳ್ಳು."

"ನಿಮ್ಮ ಅಂಗಳದಲ್ಲಿ ಗುಲಾಬಿ ಎಲ್ಲಿದೆ?"

ಓದ್ವಾರ್ ಕೂದಲನ್ನು ಹಣೆಯ ಮೇಲೆ ಎಳೆದುಕೊಂಡ.

"ನಿನ್ನೆ ದೋಣಿಮನೆಗೆ ಹೋಗಿದ್ರಾ?"

"ಹೋಗಿದ್ದೆ."

"ಯಾಕೆ?"

ಓದ್ವಾರ್ ಸಕ್ಕರೆ ಡಬ್ಬಿಯನ್ನು ಅವಳ ಕಡೆ ಸರಿಸಿದ.

"ಕೈಯಲ್ಲಿ ಏನಿತ್ತು?"

"ಕಸ."

"ನಿಮ್ಮ ಕಸನಾ?"

"ಹಲ್ದಿಸ್, ಬೆಂಕಿ ನಾನಿಟ್ಟಿಲ್ಲ. ನನ್ನ ಕೈಯಾರೆ ಕಟ್ಟಿದ ದೋಣಿಗೆ ನಾನು ಬೆಂಕಿ ಇಡ್ತೀನಾ? ಅಷ್ಟು ಬರ್ಕೋ ಸಾಕು."

"ಇಡ್ತೀನಿ ಅಂದಿದ್ರಂತೆ."

"ಅಂದಿದ್ದೆ. ಸಿಟ್ಟು ಬಂದಾಗ ಮನುಷ್ಯ ಏನೇನೋ ಅಂತಾನೆ. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತಾ?" ಅವನು ಮೇಜಿಗೆ ಗುದ್ದಿದ, ಅವಳ ಕಾಫಿ ಚೆಲ್ಲಿತು. "ಇಡೀ ಬೀದಿ ನನ್ನನ್ನ ನೋಡಿದ್ರೆ ಮುಖ ತಿರುಗಿಸ್ತಾರೆ. ಅದು ಬಿಡು. ಅವನೂ ನಂಬಿದಾನೆ ನೋಡು, ಅದೇ ತಡೆಯೋಕಾಗ್ತಿಲ್ಲ."

ಹೇಳಬಾರದ್ದನ್ನು ಅಡಗಿಸುವವನ ಮುಖ ಬೇರೆ, ನಾಚಿಕೆಯಿಂದ ಬಾಯಿ ಬಿಡದವನ ಮುಖ ಬೇರೆ. ಇಷ್ಟು ವರ್ಷದ ನೌಕರಿಯಲ್ಲಿ ಹಲ್ದಿಸ್ ಕಲಿತದ್ದು ಹೆಚ್ಚೇನಲ್ಲ, ಇದೊಂದನ್ನು ಕಲಿತಿದ್ದಳು. ಮುದುಕನಿಗೆ ನಾಚಿಕೆಯಾಗಿತ್ತು. ಯಾತಕ್ಕೆ?

ಹೊರಗೆ ಬಂದು ಎರಡು ಮನೆಗಳ ನಡುವಿನ ಬೇಲಿಗೆ ಒರಗಿದಳು. ಬೇಲಿಯ ತಂತಿಗೆ ಬಟ್ಟೆ ಸಿಕ್ಕಿಸುವ ಮರದ ಚಿಮಟಿಗೆಗಳು ಸಾಲಾಗಿ ಕಚ್ಚಿಕೊಂಡಿದ್ದವು. ಅವುಗಳ ಬಾಯಲ್ಲಿ ಏನೂ ಇರಲಿಲ್ಲ.

"ಸಿಗ್ರುನ್! ಇಲ್ಲಿದ್ದ ಚಿಂದಿ ಎಲ್ಲಿ ಹೋಯ್ತು?"

"ಆ ದರಿದ್ರ ಎಣ್ಣೆ ಚಿಂದಿಗಳಾ? ಯಾವಾಗ ನೋಡಿದ್ರೂ ಬಾವುಟ ಕಟ್ಟಿದ ಹಾಗೆ ನೇತಾಡ್ತಿರ್ತಿದ್ವು. ಈ ಸಲ ನಾನೇ ಎತ್ತಿ ಕಸದ ಗಾಡಿಗೆ ಎಸೀತೀನಿ ಅಂತ ದುಗ್ನಾದ್ ಶುರುವಲ್ಲೇ ಎಲ್ಲರಿಗೂ ಹೇಳಿದ್ದೆ. ಬಂದು ನೋಡಿದ್ರೆ ಆಗಲೇ ಇರಲಿಲ್ಲ."

ಹಲ್ದಿಸ್ ಕಣ್ಣು ಮುಚ್ಚಿದಳು. ಎಲ್ಲವೂ ಗೊತ್ತಾಗಿತ್ತು. ಗೊತ್ತಾದದ್ದರಿಂದ ಸಂತೋಷವೇನೂ ಆಗಲಿಲ್ಲ. ಯಾರಾದರೂ ಕೆಟ್ಟವನು ಸಿಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು. ಕೆಟ್ಟವನನ್ನು ಹಿಡಿಯುವುದು ಸುಲಭ.

ಟೋಪಿಯನ್ನು ಕೈಗೆತ್ತಿಕೊಂಡು ಮೂವರನ್ನೂ ದೋಣಿಮನೆಯ ಮುಂದೆ ಕರೆದಳು. ತೊರ್ಮೂದ್ ಒಂದು ಕಡೆ, ಓದ್ವಾರ್ ಇನ್ನೊಂದು ಕಡೆ, ಮಧ್ಯೆ ಸಿಗ್ರುನ್.

"ಓದ್ವಾರ್ ಅವರೇ, ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಸಿಗ್ರುನ್ ಚಿಂದಿ ಎಸೀತೀನಿ ಅಂದ್ರು. ತೊರ್ಮೂದ್ ಊರಲ್ಲಿರಲಿಲ್ಲ. ಅವರ ಸಾಮಾನು ಕಸಕ್ಕೆ ಹೋಗೋದು ನಿಮಗೆ ಇಷ್ಟ ಇರಲಿಲ್ಲ. ಯಾರಿಗೂ ಕಾಣದ ಹಾಗೆ ಚಿಂದಿಗಳನ್ನ ಬೇಲಿಯಿಂದ ತೆಗೆದು ಒಳಗೆ ತಂದ್ರಿ. ಹೌದಾ?"

ಓದ್ವಾರ್ ನೆಲ ನೋಡಿದ. "ಹೌದು."

"ಎಲ್ಲಿಟ್ರಿ?"

"ಮೇಜಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರಲ್ಲಿ ಒತ್ತಿ ತುಂಬಿ ಮುಚ್ಚಿಟ್ಟೆ. ಅಚ್ಚುಕಟ್ಟಾಗಿರಲಿ ಅಂತ."

ತೊರ್ಮೂದ್ ಸಟ್ಟನೆ ತಲೆ ಎತ್ತಿದ. ಅವನಿಗೆ ತಿಳಿದುಹೋಯಿತು. ಹಲ್ದಿಸ್ ಕೈ ಎತ್ತಿ ಅವನನ್ನು ತಡೆದಳು. ಹೇಳುವ ಕೆಲಸ ತನ್ನದು, ಸಂಬಳ ಕೊಡುವುದೂ ಅದಕ್ಕೇ.

"ಆಮೇಲೆ ಮೇಜಿನ ಮೇಲೆ ಟೋಪಿ ಕಾಣಿಸ್ತು. ಚಳಿಗಾಲವೆಲ್ಲ ನಿಮ್ಮ ನಿದ್ದೆ ಕೆಡಿಸಿದ ಟೋಪಿ. ತಲೆಗೆ ಇಟ್ಟು ನೋಡಿದ್ರಿ. ಒಳಗೆ ಅಸ್ತರಿ ಇರಲಿಲ್ಲ, ಮೊಳೆ ತುದಿ ಹಣೆಗೆ ಗೀರ್ತು. ಸುಡೋಕೆ ಬಂದೋನು ಯಾರೂ ಟೋಪಿ ಹಾಕಿ ನೋಡಲ್ಲ."

ಓದ್ವಾರನ ಕಿವಿಯವರೆಗೂ ಕೆಂಪೇರಿತು. "ಅದನ್ನ ಹೇಗಮ್ಮ ಹೇಳಲಿ? ನಗ್ತಿದ್ರು ಎಲ್ಲ. ಮೊದಲು ಸೋತು ಬಂದೋನು ನಾನೇ ಅಂತಾಗ್ತಿತ್ತು."

"ಅಂದ್ರೆ ಇವನಲ್ಲ?" ಸಿಗ್ರುನ್ ಕೇಳಿದಳು. "ಮತ್ತೆ ಯಾರು?"

"ಇವರೇ." ಹಲ್ದಿಸ್ ಓದ್ವಾರ್ ಕಡೆ ಕೈ ತೋರಿದಳು. "ಹಿಂದೆ ಒಂದು ಮನೇಲಿ ನೆಲಕ್ಕೆ ಎಣ್ಣೆ ಹಾಕಿದ ದಿನ ಹೀಗೇ ಆಗಿತ್ತು, ನಾನೇ ನೋಡಿದೀನಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ. ಚಿಂದಿ ಹರಡಿದ್ರೆ ಆ ಬಿಸಿ ಗಾಳಿಗೆ ಹೋಗುತ್ತೆ. ಒತ್ತಿ ಮುಚ್ಚಿಟ್ರೆ ಒಳಗೇ ಕಾವೇರಿ, ಕೆಲವು ಗಂಟೆಗೆ ತಾನಾಗೇ ಹತ್ಕೊಳ್ಳುತ್ತೆ. ಕಡ್ಡಿ ಬೇಡ, ಕಿಡಿ ಬೇಡ. ಟೋಪಿಯ ಬಲಗಡೆ ನೋಡಿ, ಬೆಂಕಿ ಎದ್ದಿದ್ದು ಅದರ ಕೆಳಗಿನಿಂದ. ನಾವೆಲ್ಲ ಒಳಗೆ ಸುಟ್ಟಿದ್ದನ್ನೇ ನೋಡ್ತಿದ್ವಿ, ಹೊರಗೆ ಬೇಲಿ ಮೇಲೆ ಇಲ್ಲದೇ ಇರೋದನ್ನ ನೋಡಲಿಲ್ಲ. ಓದ್ವಾರ್ ಅವರೇ, ಬೆಂಕಿ ಹಚ್ಚಿದ ಕೈ ನಿಮ್ಮದೇ. ನಿಮಗೆ ಗೊತ್ತಿಲ್ಲದೆ."

ಓದ್ವಾರ್ ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡ. ಬೀದಿಯೆಲ್ಲ ಬೆಂಕಿ ಇಟ್ಟವನು ಎಂದಾಗ ನೆಟ್ಟಗೆ ನಿಂತಿದ್ದ ಮುದುಕ ಈಗ ಇದ್ದಲ್ಲೇ ಕುಸಿದು ಕೂತ. ಅಳು ಬಂತು, ಅದನ್ನು ಮುಚ್ಚುವ ಪ್ರಯತ್ನವನ್ನೂ ಮಾಡಲಿಲ್ಲ.

ತೊರ್ಮೂದ್ ಎದ್ದು ಬಂದ. ಹಲ್ದಿಸ್ ಕೈಯಿಂದ ಶಿರಸ್ತ್ರಾಣ ತೆಗೆದುಕೊಂಡು, ಹಕ್ಕಳೆ ಎದ್ದ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ.

"ತಲೆಗೆ ಸರಿಯಾಗಿ ಕೂತಿತಾ?" ಎಂದು ಕೇಳಿದ. ಚಳಿಗಾಲದ ಜಗಳದ ನಂತರ ಅವರಿಬ್ಬರ ನಡುವೆ ಅದೇ ಮೊದಲ ಮಾತು.

ಓದ್ವಾರ್ ಮೂಗೊರೆಸಿಕೊಂಡ. "ಬಿಗಿ ಆಯ್ತು."

"ಆಗದೆ ಏನು? ನಿಂದು ಹಂಡೆಯಂಥ ತಲೆ." ತೊರ್ಮೂದ್ ಹಲ್ದಿಸ್ ಕಡೆ ತಿರುಗಿದ. "ಚಿಂದಿನ ಯಾಕೆ ಬೇಲಿ ಮೇಲೆ ಹರಡ್ತೀನಿ ಅಂತ ನನಗೆ ಗೊತ್ತಿತ್ತು. ದಿನಾ ಅವನ ಕಣ್ಣೆದುರೇ ಹರಡ್ತಿದ್ದೆ. ಬೇಲಿಯಾಚೆ ನಿಂತಿದ್ದೋನಿಗೆ ಒಂದು ಮಾತು ಹೇಳಲಿಲ್ಲ. ಅವನು ಚಿಂದಿ ಮುಚ್ಚಿಟ್ಟ, ನಾನು ಬಾಯಿ ಮುಚ್ಚಿಟ್ಟೆ. ಬರೆಯೋದಾದ್ರೆ ಇಬ್ಬರ ಹೆಸರೂ ಬರ್ಕೊಳಮ್ಮ."

ಹಲ್ದಿಸ್ ಹಾಗೆಯೇ ಬರೆದುಕೊಂಡಳು.