ವಿಮೆಯಿಲ್ಲದ ಒಪ್ಪಿಗೆ

"ಇದು ಕೊಡೋದಕ್ಕೋ, ವಾಪಸ್ ತಗೊಳ್ಳೋದಕ್ಕೋ?"

ಅವಳ ಕೈಯಲ್ಲಿದ್ದ ರಾಜೀನಾಮೆ ಪತ್ರ ನೋಡಿ ಸಿಬ್ಬಂದಿ ಮತ್ತು ವಿಮೆ ವಿಭಾಗದ ಹೊಸ ಗುಮಾಸ್ತ ಕೇಳಿದ. ಕಡತದಲ್ಲಿ ಅವಳವೇ ಮೂರು ಪತ್ರಗಳಿದ್ದವು. ಮೂರನ್ನೂ ಅವಳೇ ಹಿಂದಕ್ಕೆ ಪಡೆದಿದ್ದಳು.

ಅವಳಿಗೆ ಮೈಯೆಲ್ಲ ಉರಿಯಿತು. ತಲೆಯೆತ್ತಿದಳು... ಛೆ, ಬೈಯಬೇಕಾದ ಮುಖದಲ್ಲಿ ಇಷ್ಟು ಚಂದದ ನಗು ಇರಬಾರದಿತ್ತು!

ಫ್ರಿಜ್ ಕಂಪನಿಯ ದೂರು ವಿಭಾಗದಲ್ಲಿ ಆರು ವರ್ಷದಿಂದ ಫೋನ್ ಎತ್ತುತ್ತಿದ್ದವಳು ಅವಳು. ಫ್ರಿಜ್ ತಣ್ಣಗಾಗದಿದ್ದಾಗ ಗಿರಾಕಿಯನ್ನು ತಣ್ಣಗಾಗಿಸುವುದೇ ಕೆಲಸ. ಊಟದ ಬಿಡುವಿನಲ್ಲಿ ಮ್ಯಾನೇಜರರ ಕೆಮ್ಮಿನಿಂದ ಹಿಡಿದು ಲಿಫ್ಟಿನ ಕಿರುಗುಟ್ಟುವಿಕೆಯವರೆಗೆ ಎಲ್ಲವನ್ನೂ ಅಣಕಿಸುತ್ತಿದ್ದಳು. ಕಾರ್ಟೂನಿಗೆ ದನಿ ಕೊಡುವ ಸ್ಟುಡಿಯೊ ಅವಳನ್ನು ಕರೆಯುತ್ತಲೇ ಇತ್ತು. ಅಲ್ಲಿ ವಿಮೆಯಿರಲಿಲ್ಲ. ಇಲ್ಲಿನ ವಿಮೆಯಲ್ಲೇ ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್.

ನಾಲ್ಕನೆಯ ಪತ್ರವೂ ಅವಳ ಚೀಲಕ್ಕೇ ಮರಳಿತು.

ಆಮೇಲೆ ಆಸ್ಪತ್ರೆಯ ಕಾಗದ ಕೊಡಲು ಹೋದಾಗಲೆಲ್ಲ ಗುಮಾಸ್ತ ಒಂದು ಸಹಿ ಬಾಕಿಯಿದೆ ಎನ್ನುತ್ತಿದ್ದ. ನಾಳೆ ಬಂದರೆ ಇನ್ನೊಂದು. ಬೇಕೆಂದೇ ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಬೇಕೆಂದೇ ಅವಳೂ ಹೋಗುತ್ತಿದ್ದಳು.

ಒಂದು ಸಂಜೆ ಅವನು ತನ್ನದೇ ಕುಟುಂಬದ ಫಾರಂ ಮುಂದಿಟ್ಟ. 'ಸಂಗಾತಿ' ಎಂಬಲ್ಲಿ ಪೆನ್ಸಿಲಿನಲ್ಲಿ ಅವಳ ಹೆಸರು.

"ಹೆಂಡತಿಯ ತಂದೆಗೂ ಇದರಲ್ಲಿ ಜಾಗ ಇದೆ. ನೀವು ಆರಾಮಾಗಿ ಸ್ಟುಡಿಯೊಗೆ ಹೋಗ್ಬಹುದು."

ಪ್ರೀತಿಯ ಒಂದು ಮಾತಿಗೆ ಕಾದಿದ್ದವಳಿಗೆ ಕೇಳಿದ್ದು ನಿಯಮಾವಳಿ!

"ಮದುವೆ ಆಗ್ತೀರೋ, ನೋಂದಣಿ ಮಾಡ್ಕೊಳ್ತೀರೋ?" ಎಂದು ಎದ್ದು ಬಂದುಬಿಟ್ಟಳು.

ಡಯಾಲಿಸಿಸ್ ಮಂಚದ ಪಕ್ಕ ಕೂತು ನಡೆದದ್ದನ್ನು ಹೇಳಿದಾಗ ಅಪ್ಪ ಕೆಣಕಿದರು. "ಕೋಪ ಅವನ ಮೇಲೋ, ನಿನ್ನ ಮೇಲೋ, ಮಗಳೇ?"

ಅವಳು ಒಳಗಿನ ಅಳುಕನ್ನು ಹೇಳಿಕೊಂಡಳು. ಹೂಂ ಅಂದರೆ ಅದು ಅವನಿಗೋ, ಅವನ ವಿಮೆಗೋ... ತನಗೇ ತಿಳಿಯುವುದಿಲ್ಲವಲ್ಲ?

"ಹಾಗಾದ್ರೆ ಮೊದಲು ನನ್ನನ್ನ ಮಧ್ಯದಿಂದ ಎತ್ತಿಡು," ಎಂದರು ಅಪ್ಪ.

ಇಬ್ಬರೂ ವಿಮೆಯ ಪುಸ್ತಕವನ್ನು ಸಾಲು ಬಿಡದೆ ಓದಿದರು. ಕೆಲಸ ಬಿಡುವ ಮುನ್ನವೇ ಅರ್ಜಿ ಹಾಕಿದರೆ ಅಪ್ಪನ ಹೆಸರಿಗೇ ಬೇರೆ ವಿಮೆ ಸಿಗುತ್ತಿತ್ತು. ಕಂತು ಭಾರವೇ, ಆದರೆ ಸ್ಟುಡಿಯೊದಲ್ಲಿ ಭಾನುವಾರವೂ ದುಡಿದರೆ ತೂಗಿಸಬಹುದು.

ಅರ್ಜಿ ಮಂಜೂರಾದ ದಿನವೇ ಐದನೆಯ ರಾಜೀನಾಮೆ ಹೋಯಿತು. ಗುಮಾಸ್ತ ಮುದ್ರೆ ಒತ್ತಿದ. ಮುದ್ರೆ ತಲೆಕೆಳಗಾಗಿತ್ತು.

ಸ್ಟುಡಿಯೊ ಸೇರಿ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಅವನ ಮೇಜಿನೆದುರು ಬಂದು ಕೂತಳು.

"ಅಪ್ಪನ ವಿಮೆ ನಡೀತಿದೆ. ನನ್ನದೂ ಮಾಡಿಸ್ಕೊಂಡೆ. ನಿಮ್ಮ ಫಾರಂನಿಂದ ನನಗೇನೂ ಆಗ್ಬೇಕಿಲ್ಲ... ಈಗ ಕೇಳಿ."

ಅವನು ಕಾಗದಗಳನ್ನೆಲ್ಲ ಪಕ್ಕಕ್ಕೆ ಸರಿಸಿದ.

"ನೀವಿಲ್ಲದೆ ದಿನ ಹೋಗ್ತಿಲ್ಲ. ನನ್ನ ಮದುವೆ ಆಗ್ತೀರಾ?"

"ಹೂಂ. ಆದ್ರೆ ಇನ್ಮೇಲೆ 'ನೀವು' ಬೇಡ."

ಅವನು ಊಟದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ.

"ನೀನು... ಊಟ ಮಾಡಿದ್ಯಾ?"

"ಇಲ್ಲ. ನೀನು?"