ಎಡಗೋಡೆಗೊಂದು ಕಿಟಕಿ

ನಿಂಬೆವ್ವ ಅಡುಗೆಮನೆಯ ಗೋಡೆಯ ಮೇಲೆ ಬೆರಳಿನಿಂದ ಒಂದು ಗೂಡಿನ ಆಕಾರ ಬರೆದಳು. ಗೋಡೆ ಮೆತ್ತಗಾಗಿ ಒಳಕ್ಕೆ ಸರಿದು ಉಪ್ಪಿನಕಾಯಿ ಭರಣಿಗೆ ಜಾಗ ಮಾಡಿಕೊಟ್ಟಿತು. ಅದೇ ಗಳಿಗೆಯಲ್ಲಿ ಉಳಿದ ಏಳು ಮನೆಗಳಲ್ಲೂ ಅದೇ ಜಾಗದಲ್ಲಿ ಅಷ್ಟೇ ದೊಡ್ಡ ಗೂಡು ಮೂಡಿತು. ನಿವೃತ್ತ ಹೆಡ್‌ಮಾಸ್ತರರೊಬ್ಬರ ಮನೆಯಲ್ಲಿ ಅಲ್ಲಿ ತೂಗುಹಾಕಿದ್ದ ಕ್ಯಾಲೆಂಡರ್ ಮೊಳೆಸಮೇತ ಒಳಗೆ ಹೋಯಿತು.

ಇದು ಅರಾವರ್ತನ ಯಂತ್ರದ ಕರಾಮತ್ತು. ಚಕ್ರದ ಅರಗಳಂತೆ ಒಂದೇ ಆಕಾರವನ್ನು ನಡುವಿನ ಕಂಬದ ಸುತ್ತ ಮತ್ತೆ ಮತ್ತೆ ಕೂರಿಸುವುದಕ್ಕೆ ಅರಾವರ್ತನ ಎಂದು ಹೆಸರು. ಗಣಕದ ತೆರೆಯ ಮೇಲೆ ಒಂದು ಮನೆಯ ತುಂಡು ಬಿಡಿಸಿ, ಕಂಬ ಯಾವುದೆಂದು ತೋರಿಸಿ, ಎಷ್ಟು ಸಲ ಎಂದು ಹೇಳಿದರೆ ಸಾಕು. ಸ್ಮೃತಿಮಣ್ಣು ಎಂಬ, ಹೇಳಿದ ಮಾತು ಕೇಳುವ ಮಣ್ಣು ತಾನಾಗಿ ಮೇಲೆದ್ದು ಇಡೀ ವಸತಿಯಾಗುತ್ತಿತ್ತು. ಹುಬ್ಬಳ್ಳಿಯ ಹೊರಗೆ ಹೀಗೆ ಎದ್ದ ದುಂಡನೆಯ ವಸತಿಯಲ್ಲಿ ಮೊದಲ ತುಂಡು ನಿಂಬೆವ್ವನ ಮನೆ. ಅದನ್ನು ಬೀಜಮನೆ ಎನ್ನುತ್ತಿದ್ದರು. ಅಲ್ಲಿ ಆದದ್ದೆಲ್ಲ ಎಲ್ಲ ಕಡೆಯೂ ಆಗುತ್ತಿತ್ತು. ಅದಕ್ಕೆ ತಕರಾರಿಲ್ಲವೆಂದು ಒಪ್ಪಿಕೊಂಡೇ ಉಳಿದವರು ಬಂದಿದ್ದರು, ಬಂದ ಮೇಲೆ ದಿನವೂ ತಕರಾರು ಮಾಡುತ್ತಿದ್ದರು.

ನಿಂಬೆವ್ವನ ಎಡಗಡೆಯ ಮನೆಯಲ್ಲಿ ಜೈಬುನ್ನಿಸಾ ಇದ್ದಳು, ಅವಳ ಜೀವದ ಗೆಳತಿ. ಬಲಗಡೆಯ ಮನೆಯಲ್ಲಿ ಸ್ವಂತ ತಂಗಿ ಕಸ್ತೂರಿ ಇದ್ದಳು, ಆದರೆ ಮಾತಿರಲಿಲ್ಲ. ಮಗಳ ಮದುವೆಗೆ ಕಸ್ತೂರಿ ಅಕ್ಕನನ್ನು ಫೋನಿನಲ್ಲಿ ಸಂದೇಶ ಕಳಿಸಿ ಕರೆದಿದ್ದಳು. ಒಡಹುಟ್ಟಿದವಳನ್ನು ಬಾಗಿಲಿಗೆ ಬಂದು, ಕುಂಕುಮ ಹಚ್ಚಿ ಕರೆಯುವುದು ಪದ್ಧತಿ. ನಿಂಬೆವ್ವ ಮದುವೆಗೆ ಹೋಗಲಿಲ್ಲ. ಬಾರದ ಅಕ್ಕನ ಮೇಲೆ ಕಸ್ತೂರಿಗೂ ಸಿಟ್ಟು. ಅಂದಿನಿಂದ ಇಬ್ಬರೂ ಮುಖ ತಿರುವಿಕೊಂಡೇ ಓಡಾಡುತ್ತಿದ್ದರು, ಇಬ್ಬರಿಗೂ ಒಳಗೊಳಗೆ ಸಂಕಟ.

ಹೀಗಿರುವಾಗ ಜೈಬುನ್ನಿಸಾ ಕಾಲು ಮುರಿದುಕೊಂಡಳು. ಅವಳ ಅಡುಗೆಯೂ ನಿಂಬೆವ್ವನ ಪಾಲಿಗೆ ಬಂತು. ಮನೆಗಳ ಬಾಗಿಲು ಹೊರಮುಖವಾಗಿ, ಪ್ರತಿಯೊಂದಕ್ಕೂ ಬೇಲಿಯಿದ್ದುದರಿಂದ ಪಕ್ಕದ ಮನೆಗೆ ಹೋಗಬೇಕಾದರೂ ದೊಡ್ಡ ಗೇಟಿನ ತನಕ ನಡೆದು ಮತ್ತೆ ಒಳಗೆ ಬರಬೇಕು. ನಿಂಬೆವ್ವನ ಮೊಣಕಾಲುಗಳು ಅದಕ್ಕೆ ಸುತರಾಂ ಒಪ್ಪಲಿಲ್ಲ. ಗೂಡಿಗಾದರೆ ಬೆರಳು ಸಾಕು, ಭಾರ ಹೊರುವ ಗೋಡೆಗೆ ಕೈಹಚ್ಚಲು ಯಂತ್ರದ ಜನಕ ಡಾ. ಸುಧನ್ವ ಕೌಜಲಗಿಯವರೇ ಬರಬೇಕು. ಅವರನ್ನು ಕರೆಸಿದಳು.

“ನಾ ಗೇಟ ಸುತ್ತಿ ಹೋಗೂದ್ರಾಗ ಸಾರು ಆರಿಹೋಗತೈತ್ರಿ. ಈ ಎಡಗಡೆ ಗ್ವಾಡಿಗೆ ಒಂದು ಕಿಡಕಿ ಮಾಡಿಕೊಡ್ರಿ,” ಎಂದಳು.

ಸುಧನ್ವ ತೆರೆಯ ಮೇಲೆ ಮನೆಯ ತುಂಡನ್ನು ತಂದು ಎಡಗೋಡೆಯಲ್ಲಿ ಕಿಟಕಿ ಕೊರೆದರು. ಮಾಳಿಗೆಯ ಭಾರ ಹೇರಿ, ಗಾಳಿ ಬೀಸಿ, ಭೂಮಿ ನಡುಗಿಸಿ ಅಣಕುಪರೀಕ್ಷೆ ಮಾಡಿದರು. ನಿಜವಾದ ಗೋಡೆಗೆ ಏನೂ ಮಾಡದೆ, ಲೆಕ್ಕದಲ್ಲೇ ಅದನ್ನು ಹಿಂಸಿಸಿ ನೋಡುವ ವಿಧಾನವದು.

“ಎಂಟೂ ಮನಿ ನೋಡೂದಿಲ್ಲೇನ್ರಿ?” ಎಂದು ನಿಂಬೆವ್ವ ಕೇಳಿದಳು.

“ಒಂದ ತುಂಡು ನೋಡಿದ್ರ ಸಾಕ್ರಿ ಅವ್ವಾರ. ಉಳಿದವೆಲ್ಲ ಇದರಂಗ ಇರತಾವು.”

ಮಾತು ಸರಿಯಾಗಿಯೇ ಇತ್ತು. ಆದರೆ ಅರಾವರ್ತನದಲ್ಲಿ ಪ್ರತಿ ತುಂಡಿಗೂ ಪಕ್ಕದ ಗೋಡೆ ಒಂದೇ, ಎಡಗೋಡೆ. ಬಲಗೋಡೆ ಎನ್ನುವುದು ಪಕ್ಕದ ಮನೆಯ ಎಡಗೋಡೆ, ಅದನ್ನು ಬೇರೆಯಾಗಿ ಬಿಡಿಸುವ ಗೊಡವೆಯೇ ಇಲ್ಲ. ತೆರೆಯ ಮೇಲೆ ಕಾಣದ ಗೋಡೆ ದೊಡ್ಡ ವಿಜ್ಞಾನಿಗೂ ನೆನಪಾಗಲಿಲ್ಲ. ನಿಂಬೆವ್ವನಂತೂ ಆ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಸುಧನ್ವ ಗುಂಡಿ ಒತ್ತಿದರು.

ಎಡಗೋಡೆ ತೆರೆಯಿತು. ಹಾಸಿಗೆಯ ಮೇಲಿದ್ದ ಜೈಬುನ್ನಿಸಾ ಕೈ ಬೀಸಿ ನಕ್ಕಳು. ನಗುತ್ತಿದ್ದವಳ ಕಣ್ಣು ನಿಂಬೆವ್ವನ ಬೆನ್ನ ಹಿಂದೆ ಯಾವುದರ ಮೇಲೋ ನಿಂತುಬಿಟ್ಟಿತು. ನಿಂಬೆವ್ವ ತಿರುಗಿದಳು. ಬಲಗೋಡೆಯಲ್ಲೂ ಕಿಟಕಿ. ಅದರಾಚೆ ಕಸ್ತೂರಿ, ರೊಟ್ಟಿ ಬಡಿಯುತ್ತಿದ್ದವಳು, ಜೋಳದ ಹಿಟ್ಟಿನ ಕೈ ಎತ್ತಿಕೊಂಡೇ ನಿಂತಿದ್ದಳು.

“ಅಕ್ಕಾ,” ಎಂದಳು ಕಸ್ತೂರಿ. “ನಾ ನಿನ್ನ ಬಾಗಲಿಗೂ ಬರಲಿಲ್ಲ. ನೀ ನನ್ನ ಸಲುವಾಗಿ ಗ್ವಾಡೀನ ತಗದೀಯಲ್ಲ.”

ಸುಧನ್ವರ ಮುಖ ಬಿಳಿಚಿತು. ಲೆಕ್ಕ ತಪ್ಪಿದರೆ ಅಲ್ಲೇ ಒಪ್ಪಿಕೊಳ್ಳುವ ಪ್ರಾಮಾಣಿಕ ಮನುಷ್ಯ ಅವರು, ಅಂಥವರಿಂದ ಕೆಲವೊಮ್ಮೆ ಬಹಳ ಅನಾಹುತವಾಗುತ್ತದೆ. ಈ ಕಿಟಕಿ ಬೇಕೆಂದು ಮಾಡಿದ್ದಲ್ಲ, ಈಗಲೇ ಮುಚ್ಚುತ್ತೇನೆ ಎಂದು ಹೇಳಲು ಬಾಯಿ ತೆರೆದರು.

“ಡಾಕ್ಟರ, ನೀವು ಸುಮ್ನ ಕುಂಡ್ರಿ,” ಎಂದಳು ನಿಂಬೆವ್ವ.

ಅವರು ಕುಳಿತರು. ನಿನಗಾಗಿ ಅಲ್ಲ ಎನ್ನುವ ಮಾತು ನಿಂಬೆವ್ವನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ತಂಗಿಯ ಮುಖ ಇಷ್ಟು ಹತ್ತಿರದಿಂದ ನೋಡಿ ಬಹಳ ದಿನವಾಗಿತ್ತು. ತಂಗಿಯ ಕೂದಲು ನರೆತದ್ದೂ ಅವಳಿಗೆ ತಿಳಿದಿರಲಿಲ್ಲ. ಆ ಮಾತನ್ನು ನುಂಗಿಕೊಂಡಳು. ಹಾಗೆಂದು ಯಂತ್ರ ತಪ್ಪಿ ತೆರೆದದ್ದನ್ನು ತಾನು ಕರೆದದ್ದೆಂದು ಒಪ್ಪಿಕೊಳ್ಳಲೂ ಮನಸ್ಸಾಗಲಿಲ್ಲ.

“ಕಿಡಕ್ಯಾಗಿಂದ ಕರದ್ರ ಕರದಂಗಲ್ಲ, ಕಸ್ತೂರಿ. ತಡಿ, ಬರತೀನಿ,” ಎಂದಳು.

ಕುಂಕುಮದ ಬಟ್ಟಲು ಹಿಡಿದು ಹೊರಗೆ ಹೊರಟಳು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರವಿದ್ದ ತಂಗಿಯನ್ನು ಬಿಟ್ಟು, ಮೊಣಕಾಲು ಹಿಡಿದುಕೊಂಡು, ಗೇಟಿನ ತನಕ ಹೋಗಿ ಸುತ್ತಿ ಬರುವ ಈ ಪ್ರಯಾಣದ ತರ್ಕ ಸುಧನ್ವರಿಗೆ ಅರ್ಥವಾಗಲಿಲ್ಲ. ಆಚೆ ಉಳಿದ ಮನೆಗಳಿಂದ ಕೂಗಾಟ ಕೇಳಿಸುತ್ತಿತ್ತು. ಸ್ನಾನಕ್ಕೆ ಹೊರಟಿದ್ದ ಹೆಡ್‌ಮಾಸ್ತರರು ಯಂತ್ರಕ್ಕೂ ಅದರ ಜನಕನಿಗೂ ಒಟ್ಟಿಗೆ ಬೈಯುತ್ತಿದ್ದರು. ಎಡಗಿಟಕಿಯಿಂದ ಜೈಬುನ್ನಿಸಾ, ಆಕೆ ಎಲ್ಲಿಯ ತನಕ ಹೋದಳು ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ಸುಧನ್ವ ಬಲಗಿಟಕಿಯಲ್ಲಿ ಇಣುಕಿದರು. ಕಸ್ತೂರಿ ಗಡಿಬಿಡಿಯಿಂದ ಕೈ ತೊಳೆದು, ಸೆರಗು ಸರಿಪಡಿಸಿಕೊಂಡು, ಅಷ್ಟು ಹೊತ್ತೂ ತೆರೆದೇ ಇದ್ದ ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಹಾಕಿ, ಅದರ ಹಿಂದೆಯೇ ಉಸಿರು ಬಿಗಿಹಿಡಿದು ನಿಂತಳು.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಬಡಿದ ಸದ್ದಾಯಿತು.

“ಯಾರ್ರೀ?” ಎಂದು ಕಸ್ತೂರಿ ಏನೂ ಗೊತ್ತಿಲ್ಲದವಳಂತೆ ಕೇಳಿದಳು.